ಉಳುವ ನೊಗದ ಓಣಿ

"ನನ್ನ ಹೊಲಕ್ಕೆ ನೇಗ್ಲು ಇಳಿಸೋಕ್ ಮುಂಚೆ ನಮ್ಮಕ್ಕನ ಹೊಲಕ್ಕೆ ಇಳಿಸ್ತೀನಿ. ನಾನು ಉಳೋ ತನಕ ಇದು ಹಿಂಗೇಯ."

ಈ ಮಾತು ಆಡಿದಾಗ ಅಡವಿಯಪ್ಪನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮೇಲಾಗಿ ಕೈ ಎಂಜಲಾಗಿತ್ತು. ತೀರಿಕೊಂಡ ಭಾವನ ಗಣಾರಾಧನೆಯ ಊಟ ನಡೆಯುತ್ತಿದ್ದ ದಿನ ಅದು. ಅಕ್ಕ ಕಲ್ಲಮ್ಮ ಒಳಕೋಣೆಯಲ್ಲಿ ಪುಟ್ಟ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೊರಗಿದ್ದಳು. ಹೊರಗೆ ಪಂಕ್ತಿಯಲ್ಲಿ ಕೂತಿದ್ದ ಭಾವನ ದಾಯಾದಿ ರೇವಣಸಿದ್ದಯ್ಯ ಅನ್ನಕ್ಕೆ ಸಾರು ಕಲೆಸಿಕೊಳ್ಳುತ್ತ, ಗಂಡುದಿಕ್ಕಿಲ್ಲದ ಮನೆಯ ಹೊಲ ಬೀಳು ಬೀಳಬಾರದು, ತನಗೆ ಅರ್ಧಪಾಲಿನ ವಾರಕ್ಕೆ ಬಿಟ್ಟರೆ ಅರ್ಧ ರಾಗಿ ತಪ್ಪದೆ ಅಳೆದುಕೊಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ನಾಲ್ಕು ತಲೆಗಳು ಹೌದೆಂದು ಆಡಿದ್ದವು. ಆಗಲೇ ಅಡವಿಯಪ್ಪ ಎಲೆಯ ಮುಂದೆ ಎದ್ದು ನಿಂತು ಹಾಗೆಂದದ್ದು. ರೇವಣಸಿದ್ದಯ್ಯ ತಲೆಯೆತ್ತಲೂ ಇಲ್ಲ. ಎಂಜಲುಗೈಯಲ್ಲಿ ಆಡಿದ ಮಾತು ಕೈ ತೊಳೆಯುವ ತನಕ ಮಾತ್ರ ಎಂದು ನಕ್ಕ. ಪಂಕ್ತಿಯೂ ನಕ್ಕಿತು.

ಕೈ ತೊಳೆದ ಮೇಲೂ ಮಾತು ಉಳಿಯಿತು. ಯುಗಾದಿಯ ದಿನ ಹೊನ್ನಾರು ಹೂಡುವುದು ಆ ಸೀಮೆಯ ರೂಢಿ. ಎತ್ತಿನ ಮೈ ತೊಳೆದು, ನೊಗಕ್ಕೆ ಅರಿಶಿನ ಹಚ್ಚಿ, ಹೊಸ ವರ್ಷದ ಮೊದಲ ಸಾಲನ್ನು ಹೊಡೆದು ಬರುವುದು. ಎಲ್ಲರೂ ತಂತಮ್ಮ ಹೊಲಕ್ಕೆ ಹೋದರೆ ಅಡವಿಯಪ್ಪ ಅಕ್ಕನ ಹೊಲಕ್ಕೆ ಹೋಗುತ್ತಿದ್ದ. ಅಲ್ಲಿ ಸಾಲು ಹೊಡೆದು, ಕಲ್ಲಮ್ಮ ಕೊಟ್ಟ ಬೇವುಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೇ ತನ್ನ ಹೊಲ. ಮುಂದೆ ಅವನು ತುಮಕೂರಿನಿಂದ ಕುಣಿಗಲ್ ಮೇಲೆ ಅಮೃತೂರಿಗೆ ಹೋಗುವ ಪ್ರೈವೇಟ್ ಬಸ್ಸಿಗೆ ಡ್ರೈವರಾದಾಗಲೂ ಯುಗಾದಿಗೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಬೇಕಾದರೆ ಕೆಲಸದಿಂದ ತೆಗೆಯಿರಿ ಎನ್ನುತ್ತಿದ್ದ. ಯಾರೂ ತೆಗೆಯಲಿಲ್ಲ. ಹತ್ತು ವರ್ಷದ ಮೇಲೆ ತಾನಾಗಿಯೇ ಬಿಟ್ಟ. ಕೋಳಿ ಕೂಗುವ ಮುಂಚೆ ಮನೆ ಬಿಟ್ಟು ಮಕ್ಕಳು ಮಲಗಿದ ಮೇಲೆ ಬರುತ್ತಿದ್ದವನು ಒಂದು ದಿನ ಬಸ್ಸು ಕೆಟ್ಟು ನಡುಹಗಲಿಗೆ ಮನೆಗೆ ಬಂದರೆ, ಕಿರಿಯ ಮಗಳು ಅವನನ್ನು ನೋಡಿ ಒಳಗೆ ಓಡಿದಳು. "ಅವ್ವಾ, ಡ್ರೈವರ್ ಬಂದವ್ನೆ" ಎಂದಳು. ಹೆಂಡತಿ ಸರ್ವಮಂಗಳಮ್ಮ ನಕ್ಕು ನಕ್ಕು ಸುಸ್ತಾದಳು. ಅಡವಿಯಪ್ಪ ನಗಲಿಲ್ಲ. ಆ ತಿಂಗಳ ಸಂಬಳ ಈಸಿಕೊಂಡವನು ಮತ್ತೆ ಬಸ್ಸು ಹತ್ತಲಿಲ್ಲ.

ಗೂಳೂರಿನಿಂದ ಎರಡು ಮೈಲಿ ಒಳಗಿದ್ದ ಅವನ ಊರಿನಲ್ಲಿ, ಅಕ್ಕನನ್ನು ಕೊಟ್ಟದ್ದೂ ಅಲ್ಲೇ, ಅವನಿಗಿದ್ದದ್ದು ಏಳು ಎಕರೆ. ಮೂರರಲ್ಲಿ ತೆಂಗು, ನಾಲ್ಕರಲ್ಲಿ ರಾಗಿ, ಅವರೆ, ಹುರುಳಿ. ತೆಂಗು ಕೈಹಿಡಿದಿತ್ತು, ಬಾವಿಯಲ್ಲಿ ನೀರಿತ್ತು, ಊಟಕ್ಕೆ ಯಾರ ಮನೆ ಬಾಗಿಲೂ ನೋಡಬೇಕಾಗಿರಲಿಲ್ಲ. ಚೀನಾದವರ ಗಲಾಟೆ ಮುಗಿದ ಮರುವರ್ಷ, ಶ್ರಾವಣದಲ್ಲಿ, ಜೋಡಿ ಎತ್ತಿನಲ್ಲಿ ಎಡಗಡೆಯದು ವಯಸ್ಸಾಗಿ ಸತ್ತಿತು. ಅದನ್ನು ತೆಂಗಿನ ಬುಡದಲ್ಲಿ ಹೂತು, ಉಳಿದ ಒಂಟಿ ಎತ್ತಿಗೆ ಜೊತೆ ಹುಡುಕಲು ಅಡವಿಯಪ್ಪ ಗುಬ್ಬಿಯ ಸಂತೆಗೆ ಹೊರಟ.

ಸಂತೆ ಮುಟ್ಟಲಿಲ್ಲ. ಗುಬ್ಬಿ ಇನ್ನೂ ಒಂದು ಮೈಲಿ ಇರುವಾಗ ರಸ್ತೆಯ ಪಕ್ಕದ ಹೊಲದಲ್ಲಿ ಕೆಂಪು ಟ್ರ್ಯಾಕ್ಟರ್ ಒಂದು ಉಳುತ್ತಿತ್ತು. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರದಂತೆ. ಹಿಂದಿನ ಚಕ್ರ ಆಳೆತ್ತರ. ಬಸ್ಸಿನ ಇಂಜಿನ್ನಿನ ಹಾಗೆ ಗುರುಗುಡದೆ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಒಂದೇ ಸಮ ಸದ್ದು. ಅಡವಿಯಪ್ಪ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತವನು ನೆರಳು ಕಾಲ ಕೆಳಗೆ ಬರುವ ತನಕ ಏಳಲಿಲ್ಲ. ಕೊನೆಗೆ ಅದರ ಡ್ರೈವರನಿಗೆ ಬೀಡಿ ಕೊಟ್ಟು, ತಾನೂ ಅದೇ ಕಸುಬಿನವನೆಂದು ಹೇಳಿಕೊಂಡು, ಒಂದು ಸುತ್ತು ಓಡಿಸಿಯೂ ಬಂದ. ಸಂಜೆ ಮನೆಗೆ ಹಗ್ಗ ಹಿಡಿದುಕೊಂಡು ಬಂದನೇ ಹೊರತು ಹಗ್ಗದ ತುದಿಯಲ್ಲಿ ಎತ್ತಿರಲಿಲ್ಲ. ಸರ್ವಮಂಗಳಮ್ಮ ಅವನ ಅಂಗಿಯನ್ನು ಮೂಸಿ, ಮತ್ತೆ ಬಸ್ಸಿಗೆ ಸೇರಿಕೊಂಡಿರಾ ಎಂದು ಕೇಳಿದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಟ್ರ್ಯಾಕ್ಟರಿನದೇ ಮಾತು. ಎರಡು ವರ್ಷದ ಕೊಬ್ಬರಿ ಮಾರಿದ್ದು, ಬಸ್ಸಿನ ಕಾಲದಲ್ಲಿ ಕೂಡಿಟ್ಟದ್ದು ಎಲ್ಲ ಸೇರಿದರೆ ಕೊಳ್ಳಲು ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಎಷ್ಟು ದೊಡ್ಡದು ಎಂಬುದರಲ್ಲಿ. ಹಳೆಯ ಬಸ್ಸಿನ ಕಂಡಕ್ಟರ್ ಚಿಕ್ಕರಂಗಯ್ಯ, ಅಡವಿಯಪ್ಪನ ಜೀವದ ಗೆಳೆಯ, ವಾರಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೂತು, ಕೊಂಡರೆ ಕೆಂಪನೆಯದನ್ನೇ ಕೊಳ್ಳಬೇಕು, ಬಸ್ಸು ಓಡಿಸಿದ ಕೈಗೆ ಆಟದ ಸಾಮಾನು ಕೊಡುವುದುಂಟೇ ಎಂದು ವಾದಿಸುತ್ತಿದ್ದ. ಊರಿನವರು ದೊಡ್ಡದೇ ಬರಲಿ, ನಮ್ಮ ಹೊಲವನ್ನೂ ಅದರಿಂದಲೇ ಉಳುಮೆ ಮಾಡಿಸಿಕೊಳ್ಳುತ್ತೇವೆ ಎಂದರು. ಅಡವಿಯಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣು ಮುಚ್ಚಿದರೆ ಕೆಂಪು ಬಣ್ಣವೇ.

ಅಡ್ಡ ನಿಂತದ್ದು ಅಕ್ಕನ ಓಣಿ.

ಕಲ್ಲಮ್ಮನ ಹೊಲ ಊರಿನ ಬಡಗಣ ದಿಕ್ಕಿಗೆ, ಒಣಹಾಕಿದ ಪಂಚೆಯ ಹಾಗೆ ಉದ್ದಕ್ಕೆ ಬಿದ್ದಿದ್ದ ಒಂದೂವರೆ ಎಕರೆ. ಅದಕ್ಕೆ ಹೋಗಲು ಇದ್ದದ್ದು ಒಂದೇ ಓಣಿ, ಎರಡೂ ಪಕ್ಕದಲ್ಲಿ ಎದೆಯೆತ್ತರದ ಚಪ್ಪಡಿಕಲ್ಲು ನೆಟ್ಟದ್ದು. ಅಣ್ಣತಮ್ಮಂದಿರು ಭಾಗವಾದಾಗ ಆ ಊರಿನಲ್ಲಿ ದಾರಿ ಬಿಡುತ್ತಿದ್ದದ್ದು ನೊಗದ ಅಳತೆಯಲ್ಲಿ. ಹಿರಿಯರು ನೊಗವನ್ನು ನೆಲದ ಮೇಲೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಒಂದೊಂದು ಗೇಣು ಬಿಟ್ಟು ಕಲ್ಲು ನೆಡಿಸುತ್ತಿದ್ದರು. ನೊಗದಲ್ಲೂ ಎರಡು ಬಗೆ. ಉಳುವ ನೊಗ ಗಿಡ್ಡ, ಎತ್ತುಗಳು ಮೈಗೆ ಮೈ ತಾಗಿಸಿಕೊಂಡು ನಡೆಯುತ್ತವೆ. ಬೆಳೆದ ಪೈರಿನ ಸಾಲುಗಳ ನಡುವೆ ಕಳೆ ತೆಗೆಯಲು ಕಟ್ಟುವ ಕುಂಟೆ ನೊಗ ಅದಕ್ಕಿಂತ ಒಂದು ಮೊಳ ಉದ್ದ, ಅದರಲ್ಲಿ ಎತ್ತುಗಳು ಸಾಲುಗಳನ್ನು ನಡುವೆ ಬಿಟ್ಟುಕೊಂಡು ದೂರ ದೂರ ಹೋಗುತ್ತವೆ. ಮನಸ್ಸು ದೊಡ್ಡದಿದ್ದ ಹಿರಿಯ ಕುಂಟೆ ನೊಗ ಇಡುತ್ತಿದ್ದ. ಕಲ್ಲಮ್ಮನ ಮಾವನ ಕಾಲದಲ್ಲಿ ಭಾಗ ಮಾಡಿಕೊಟ್ಟವರು ಉಳುವ ನೊಗ ಇಟ್ಟಿದ್ದರು. ಹಾಗಾಗಿ ಆ ಓಣಿಯಲ್ಲಿ ಗಾಡಿ ಹೋಗದು. ರಾಗಿಯ ಹೊರೆಯನ್ನು ಕಲ್ಲಮ್ಮ ಓಣಿಯ ಬಾಯಿಯ ತನಕ ತಲೆಯ ಮೇಲೇ ಹೊತ್ತು ತರುತ್ತಿದ್ದಳು. ಗಾಡಿಯೇ ಹೋಗದ ಕಡೆ ಗುಬ್ಬಿಯ ಆ ಕೆಂಪು ಗಜ ಹೋದೀತೇ?

ಓಣಿಯ ಎರಡು ಕಡೆಯ ನೆಲವೂ ರೇವಣಸಿದ್ದಯ್ಯನದು. ಅಡವಿಯಪ್ಪ ನಾಚಿಕೆ ಬಿಟ್ಟು ಒಂದು ಸಂಜೆ ಅವನ ಬಾಗಿಲಿಗೆ ಹೋಗಿ, ಒಂದು ಸಾಲು ಕಲ್ಲನ್ನು ಮೊಳ ಹಿಂದಕ್ಕೆ ಸರಿಸಿಕೊಂಡರೆ ಸರಿಸಿದ ಖರ್ಚೂ ನೆಲದ ಬೆಲೆಯೂ ತನ್ನದು ಎಂದು ಕೇಳಿದ. ರೇವಣಸಿದ್ದಯ್ಯ ಕೆಟ್ಟವನಲ್ಲ, ಮರೆಯದವನು ಅಷ್ಟೆ. ಎಲೆಯಡಿಕೆ ತಟ್ಟೆ ಮುಂದೆ ಸರಿಸಿ, ಕೈ ತೊಳ್ಕೊಂಡೇ ಮಾತಾಡ್ತಿದೀಯ ತಾನೇ ಎಂದು ಕೇಳಿದ. ಕಲ್ಲು ಹಿರಿಯರು ನೆಟ್ಟದ್ದು, ಅಲುಗಿಸುವುದಿಲ್ಲ ಎಂದ. ನಿನ್ನ ಗಾಡಿ ಹೋಗದಿದ್ದರೆ ಏನಂತೆ, ಆ ಹೊಲ ವಾರಕ್ಕೆ ಮಾಡಲು ನಾನಿದ್ದೇನೆ, ಅಂದೂ ಹೇಳಿದ್ದೆ ಇಂದೂ ಹೇಳುತ್ತೇನೆ ಎಂದ.

ಇದು ಕಲ್ಲಮ್ಮನಿಗೆ ತಿಳಿಯದೆ ಇರಲಿಲ್ಲ. ಆ ಊರಿನಲ್ಲಿ ಯಾವುದು ತಾನೇ ಯಾರಿಗೆ ತಿಳಿಯುವುದಿಲ್ಲ. ಮಗಳನ್ನು ಬೆಳ್ಳಾವಿಗೆ ಕೊಟ್ಟ ಮೇಲೆ ಅವಳು ಒಬ್ಬಳೇ ಇದ್ದಳು, ಎರಡು ಹಸು ಕಟ್ಟಿಕೊಂಡು, ತಮ್ಮನ ಮನೆಗೆ ದಿನಕ್ಕೆ ಹತ್ತು ಸಲ ಹೋಗಿಬರುತ್ತ. ಹಬ್ಬಕ್ಕೆಂದು ತಮ್ಮನ ಮನೆಯ ಜಗಲಿಯಲ್ಲಿ ಹಪ್ಪಳ ಒತ್ತುತ್ತ ಅವನನ್ನು ಕೂರಿಸಿಕೊಂಡು ಹೇಳಿದಳು:

"ನನ್ನ ಅಂಗೈಯಗಲ ಹೊಲಕ್ಕೋಸ್ಕರ ನಿನ್ನ ಆಸೆ ಗಿಡ್ಡ ಮಾಡ್ಕೋಬೇಡ ಕಣೋ. ಇಷ್ಟು ವರ್ಷ ನಡ್ಸಿದೀಯ, ಸಾಕು ಬುಡು."

"ಸಾಕು ಅನ್ನೋಕೆ ನೀನ್ಯಾರು? ಮಾತು ಕೊಟ್ಟಿದ್ದು ನಾನು."

"ಕೊಟ್ಟಿದ್ದು ನನಗೆ ತಾನೇ?"

"ಪಂಕ್ತಿಗೆ ಕೊಟ್ಟಿದ್ದು. ನೀನು ಒಳಗಿದ್ದೆ."

ಕಲ್ಲಮ್ಮ ಹಪ್ಪಳದ ಉಂಡೆಯನ್ನು ಅವನ ಕೈಗೆ ಕೊಟ್ಟು, ತಿನ್ನು, ಬಾಯಿ ಮುಚ್ಚು ಎಂದಳು. ಆದರೆ ಅವಳು ನೋಡಿದ್ದಳು, ಮಾತು ಗಟ್ಟಿಯಾಗಿಯೇ ಬಂದರೂ ತಮ್ಮನ ಕಣ್ಣು ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಅವನು ಮಟ್ಟ ಮಾಡಿಸಿದ್ದ ಜಾಗದ ಕಡೆಗೇ ಹೋದದ್ದನ್ನು. ಆ ಜಾಗ ಕೆಂಪು ಟ್ರ್ಯಾಕ್ಟರಿನ ಅಳತೆಗೇ ಇತ್ತು.

ಕೊನೆಗೆ ಅಡವಿಯಪ್ಪ ಒಂದು ಉಪಾಯ ಕಂಡುಕೊಂಡ. ತನ್ನ ಮನಸ್ಸನ್ನು ತಾನೇ ನಂಬದವನು ಮಾಡುವ ಉಪಾಯ ಅದು. ಉಳುವ ನೊಗವನ್ನೇ ತುಮಕೂರಿಗೆ ಒಯ್ಯುವುದು, ಅಂಗಡಿಯಲ್ಲಿ ಅಳೆದು ನೋಡುವುದು. ನೊಗದೊಳಗೆ ಕೂತ ಟ್ರ್ಯಾಕ್ಟರನ್ನು ಕೊಳ್ಳುವುದು, ಅದು ಕೆಂಪಗಿರಲಿ ಕಪ್ಪಗಿರಲಿ. ಚಿಕ್ಕರಂಗಯ್ಯನೂ ಒಪ್ಪಿದ. ದೂರದಿಂದ ನೋಡಿದರೆ ದೊಡ್ಡದಾಗಿ ಕಾಣುತ್ತದೆ ಕಣೋ, ಅಳೆದರೆ ಸಣ್ಣದೇ ಇದ್ದೀತು, ನಮ್ಮ ಬಸ್ಸು ಅಮೃತೂರಿನ ಸಂತೆಬೀದಿಯಲ್ಲಿ ಹೋಗುತ್ತಿರಲಿಲ್ಲವೇ ಎಂದ. ಅಡವಿಯಪ್ಪನಿಗೆ ಅದು ದೇವರ ಬಾಯಿಂದ ಬಂದ ಹಾಗಾಯಿತು. ಉಳುವ ಸಾಮಾನೆಲ್ಲ ಇದ್ದದ್ದು ಕಲ್ಲಮ್ಮನ ಕೊಟ್ಟಿಗೆಯ ಅಟ್ಟದಲ್ಲಿ. ಪ್ರತಿ ವರ್ಷ ಮೊದಲು ಹೊರಡುವುದು ಅಲ್ಲಿಂದಲೇ ಆದ್ದರಿಂದ ಅದು ಅಲ್ಲಿಯೇ ಉಳಿದಿತ್ತು. ನೊಗ ಇಳಿಸಿಡು, ಬೆಳಿಗ್ಗೆ ಚಿಕ್ಕರಂಗ ಬಂದು ತಗೊಂಡು ಹೋಗ್ತಾನೆ ಎಂದು ಅಕ್ಕನಿಗೆ ಹೇಳಿದ. ಬಸ್ಸಿನ ಟಾಪಿನ ಮೇಲೆ ಗೀರು ಬೀಳಬಾರದು ಎಂದು ಕಲ್ಲಮ್ಮ ಅದಕ್ಕೆ ಗೋಣಿತಾಟು ಸುತ್ತಿ, ಮೂರು ಕಡೆ ಹುರಿ ಬಿಗಿದು ಕೊಟ್ಟಳು.

ಗೂಳೂರಿನಲ್ಲಿ ಬಸ್ಸು ಹತ್ತುವಾಗ ಹೊಸ ಕಂಡಕ್ಟರ್ ಅದು ಏನೆಂದು ಕೇಳಿದ. ಹೆಣ ಅಲ್ಲ, ಹತ್ತಿಸಪ್ಪ ಎಂದ ಚಿಕ್ಕರಂಗಯ್ಯ. ಅದಕ್ಕೆ ಲಗೇಜಿನ ದುಡ್ಡು ಕೊಡಲೂ ಒಪ್ಪಲಿಲ್ಲ, ಹಳೆಯ ಕಂಡಕ್ಟರನಿಗೆ ಲಗೇಜು ಕೇಳುವಷ್ಟು ಧೈರ್ಯ ಬಂತೇ ಎಂದು ಜಬರಿಸಿದ.

ಅಂಗಡಿ ಬಿ.ಎಚ್. ರಸ್ತೆಯಲ್ಲಿತ್ತು. ಅಲ್ಲಿದ್ದವನು ಪಟ್ಟಾಭಿರಾಮ ಎಂಬ ಕನ್ನಡಕದ ಯುವಕ. ವ್ಯವಸಾಯದ ಓದು ಓದಿ ಬಂದವನು, ನಿಧಾನಸ್ಥ. ನೊಗ ಹೊತ್ತು ಬಂದ ಗಿರಾಕಿಗಳನ್ನು ನೋಡಿ ನಗಲಿಲ್ಲ, ಕುರ್ಚಿ ಹಾಕಿಸಿ ಕಾಫಿ ತರಿಸಿದ. ಎಷ್ಟು ಎಕರೆ, ಎಂಥ ನೆಲ, ಬಾವಿಯೋ ಕೆರೆಯೋ, ತೆಂಗಿನ ಮರಗಳ ನಡುವೆ ಎಷ್ಟು ಜಾಗವಿದೆ, ಗೊಬ್ಬರ ಸಾಗಿಸಲು ಟ್ರೈಲರ್ ಬೇಕೇ, ಬೇರೆಯವರ ಹೊಲಕ್ಕೆ ಬಾಡಿಗೆಗೆ ಹೋಗುತ್ತೀರಾ ಎಂದು ಒಂದೊಂದಾಗಿ ಕೇಳಿದ.

ಅಂಗಡಿಯಲ್ಲಿ ಮೂರು ಯಂತ್ರಗಳಿದ್ದವು. ಒಂದು, ಹಿಂದೆ ನಡೆದುಕೊಂಡು ಹೋಗುತ್ತ ಎರಡು ಹಿಡಿ ಹಿಡಿದು ನಡೆಸುವಂಥದು. ಕೆಸರುಗದ್ದೆಗೆ ಅದು ಸರಿ, ನಿಮ್ಮ ಗಟ್ಟಿ ಕೆಂಪು ನೆಲದಲ್ಲಿ ಅದು ನಿಮ್ಮನ್ನು ಉಳುತ್ತದೆ, ನೀವು ನೆಲವನ್ನಲ್ಲ, ಟ್ರೈಲರಂತೂ ಎಳೆಯದು ಎಂದ ಪಟ್ಟಾಭಿರಾಮ. ಎರಡನೆಯದು ಮೂಲೆಯಲ್ಲಿತ್ತು. ನೀಲಿ ಬಣ್ಣದ, ಹೊರದೇಶದಿಂದ ಬಂದ ಹದಿನಾಲ್ಕು ಕುದುರೆಶಕ್ತಿಯ ಪುಟ್ಟ ಟ್ರ್ಯಾಕ್ಟರ್. ಮುಂದಿನ ಚಕ್ರಗಳು ಮಕ್ಕಳ ಗಾಡಿಯ ಚಕ್ರದ ಹಾಗಿದ್ದವು. ಮೂರನೆಯದು ಬಾಗಿಲ ಹತ್ತಿರವೇ ನಿಂತಿದ್ದ ಕೆಂಪು, ಮೂವತ್ತೈದು ಕುದುರೆಶಕ್ತಿ, ಗುಬ್ಬಿಯದರ ತಮ್ಮನೇ. ಅಡವಿಯಪ್ಪ ಕಾಫಿ ಕುಡಿದದ್ದು ಅದರ ಕಡೆ ತಿರುಗಿ.

ಏಳು ಎಕರೆಗೆ ಇದು ಬೇಡ ಎಂದು ಪಟ್ಟಾಭಿರಾಮ ನೇರವಾಗಿ ಹೇಳಿದ. ಒಂದು ವಾರದಲ್ಲಿ ನಿಮ್ಮ ಹೊಲ ಮುಗಿಸಿ ವರ್ಷವೆಲ್ಲ ಅಂಗಳದಲ್ಲಿ ನಿಲ್ಲುತ್ತದೆ. ನಿಲ್ಲಿಸಲು ಮನಸ್ಸಾಗದೆ ಬಾಡಿಗೆಗೆ ಬಿಡುತ್ತೀರಿ. ಆಮೇಲೆ ನೀವು ಊರೂರಿನ ಹೊಲ ಉಳುತ್ತೀರಿ, ಮನೆಗೆ ಬರುವುದು ಯಾವಾಗ ಎಂದು ಕೇಳಿದ. ಮಾರುವವನೇ ಬೇಡವೆನ್ನುವುದನ್ನು ಚಿಕ್ಕರಂಗಯ್ಯ ಜನ್ಮದಲ್ಲಿ ಕೇಳಿರಲಿಲ್ಲ. ಏನ್ ಸ್ವಾಮಿ, ಮಾಲೀಕರಿಗೆ ಗೊತ್ತಾ ನೀವು ಹಿಂಗೆ ಮಾತಾಡೋದು ಎಂದು ವಿಚಾರಿಸಿದ.

ಅಡವಿಯಪ್ಪ ನೊಗ ಹೇಳಲಿ ಎಂದಷ್ಟೆ ಅಂದು ಎದ್ದ. ಇಬ್ಬರೂ ಗೋಣಿತಾಟು ಸುತ್ತಿದ ನೊಗವನ್ನು ಎತ್ತಿ ಕೆಂಪು ಟ್ರ್ಯಾಕ್ಟರಿನ ಹಿಂದೆ ಅಡ್ಡ ಹಿಡಿದರು. ಎಡತುದಿಯನ್ನು ಅಡವಿಯಪ್ಪ ಒಂದು ಚಕ್ರದ ಅಂಚಿಗೆ ಕೂಡಿಸಿದ. ಆಚೆ ತುದಿಯಲ್ಲಿದ್ದ ಚಿಕ್ಕರಂಗಯ್ಯ ಬಗ್ಗಿ ನೋಡಿ, ಮತ್ತೆ ನೋಡಿ, ಹಳೆಯ ದಿನದ ಹಾಗೆ "ರೈಟ್" ಎಂದ. ನೊಗ ಚಕ್ರದಿಂದ ಚಕ್ರಕ್ಕೆ ಸರಿಯಾಗಿ ಇತ್ತು.

ಅಡವಿಯಪ್ಪನ ಎದೆ ಹಗುರಾಯಿತು. ಅಲ್ಲಿಂದಲೇ ಅವನಿಗೆ ಓಣಿ ಕಂಡಿತು, ಎರಡು ಪಕ್ಕದ ಕಲ್ಲಿನ ನಡುವೆ ಕೆಂಪು ಟ್ರ್ಯಾಕ್ಟರ್ ರಾಜನ ಹಾಗೆ ಹೋಗುತ್ತಿದ್ದದ್ದು ಕಂಡಿತು, ರೇವಣಸಿದ್ದಯ್ಯ ಎಲೆಯಡಿಕೆ ನುಂಗಿಕೊಂಡದ್ದು ಕಂಡಿತು. ಸುಖದಲ್ಲಿ ಅವನ ಕೈ ನೊಗದ ಎಡತುದಿಯನ್ನು ಸವರಿತು. ಗೋಣಿಯ ಮೇಲೆಯೇ ಸವರಿತು. ಅಲ್ಲಿ ಏನೋ ಇರಬೇಕಾಗಿತ್ತು, ಇರಲಿಲ್ಲ.

ಉಳುವ ನೊಗದ ಎಡತುದಿ ಹಿಂದೆ ಒಮ್ಮೆ ಸೀಳಿತ್ತು, ಅದಕ್ಕೆ ಕಮ್ಮಾರನ ಕೈಲಿ ಕಬ್ಬಿಣದ ಪಟ್ಟಿ ಹಾಕಿಸಿದ್ದ. ಇಲ್ಲಿ ಪಟ್ಟಿಯಿರಲಿಲ್ಲ. ನುಣುಪು ಮರ. ಇದು ಕುಂಟೆ ನೊಗ. ಗೋಣಿಯೂ ಆಸೆಯೂ ಸೇರಿ ಆ ಮೊಳ ಉದ್ದವನ್ನು ಅವನ ಕಣ್ಣಿಗೆ ಮುಚ್ಚಿದ್ದವು.

ಅವನಿಗೆ ಮೊದಲು ಬಂದದ್ದು ಸಿಟ್ಟು, ಕತ್ತಲಲ್ಲಿ ಒಂದಕ್ಕೆ ಇನ್ನೊಂದು ಕೊಟ್ಟಳಲ್ಲ ಎಂದು. ಸಿಟ್ಟು ಪೂರ್ತಿ ಬರುವ ಮುಂಚೆಯೇ ನಗು ಬಂತು. ಕಲ್ಲಮ್ಮ ನೊಗ ತಪ್ಪುವುದೇ? ಮದುವೆಯಾಗಿ ಬಂದಾಗಿನಿಂದ ಅಟ್ಟದಿಂದ ನೊಗ ಇಳಿಸಿಕೊಟ್ಟವಳು, ಕಣ್ಣು ಕಟ್ಟಿದರೂ ಯಾವುದು ಯಾವುದೆಂದು ಹೇಳುವವಳು. ಗೋಣಿ ಸುತ್ತಿದ್ದು ಬಸ್ಸಿನ ಟಾಪಿಗೆ ಗೀರು ಬೀಳದಿರಲಿ ಎಂದಲ್ಲ. ತಮ್ಮನ ಕಣ್ಣಿಗೆ ಬೀಳದಿರಲಿ ಎಂದು. ಮಾತು ಬಿಡು ಎಂದರೆ ಬಿಡಲಿಲ್ಲ. ಅದಕ್ಕೇ ಅವನಿಗೆ ಮಾತು ತಪ್ಪಿದ್ದು ಕೂಡ ತಿಳಿಯದ ಹಾಗೆ ತಪ್ಪಿಸಿ, ಕೆಂಪು ಟ್ರ್ಯಾಕ್ಟರ್ ಕೊಡಿಸಲು ಹೊರಟಿದ್ದಾಳೆ. ಯುಗಾದಿಯ ದಿನ ಓಣಿಯ ಬಾಯಲ್ಲಿ ಅದು ಸಿಕ್ಕಿಕೊಂಡಾಗ, ಅಯ್ಯೋ ನಾನೇ ತಪ್ಪು ನೊಗ ಕೊಟ್ಟೆ, ಎಲ್ಲ ನನ್ನಿಂದಲೇ ಆಯಿತು ಎಂದು ತಲೆ ಚಚ್ಚಿಕೊಳ್ಳುವ ಮಾತನ್ನೂ ಈಗಾಗಲೇ ಸಿದ್ಧಮಾಡಿ ಇಟ್ಟುಕೊಂಡಿರುತ್ತಾಳೆ.

ಎಂದರೆ, ಅವನು ಈಗ ಬಾಯಿ ಬಿಡದೆ ಇದ್ದರೆ ಸಾಕು. ಪಟ್ಟಿ ಇಲ್ಲದ್ದು ಅವನ ಬೆರಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಚಿಕ್ಕರಂಗಯ್ಯ ಆಗಲೇ ಕೆಂಪು ಟ್ರ್ಯಾಕ್ಟರಿನ ಸೀಟಿನ ಧೂಳು ಟವೆಲಿನಿಂದ ಒರೆಸುತ್ತಿದ್ದ. ಅಡವಿಯಪ್ಪ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟ. ತಣ್ಣಗಿತ್ತು. ಎಷ್ಟು ಹೊತ್ತು ಇಟ್ಟನೋ, ಚಿಕ್ಕರಂಗಯ್ಯ ಆಮೇಲೆ ಹೇಳುವಂತೆ ಇನ್ನೊಂದು ಕಾಫಿ ಕುಡಿಯುವಷ್ಟು ಹೊತ್ತು.

ಆಮೇಲೆ ಮೂಲೆಗೆ ನಡೆದು ನೀಲಿ ಟ್ರ್ಯಾಕ್ಟರಿನ ಹಿಂದೆ ನಿಂತ. ಉಳುವ ನೊಗ ಊರಿನಲ್ಲಿತ್ತು. ಆದರೆ ಅದನ್ನು ಹೆಗಲ ಹಿಂದೆ ಅಡ್ಡ ಇಟ್ಟುಕೊಂಡು, ಎರಡು ಕೈ ಮೇಲೆ ಚಾಚಿ ಹೊಲಕ್ಕೆ ಎಷ್ಟು ಸಲ ಹೋಗಿದ್ದನೋ. ಎಡಗಡೆ ಮಣಿಕಟ್ಟಿಗೆ ಕಬ್ಬಿಣದ ಪಟ್ಟಿ ತಣ್ಣಗೆ ತಾಗುತ್ತಿತ್ತು, ಬಲಗಡೆ ತುದಿ ಬಲ ಮಣಿಕಟ್ಟಿನ ನೇರಕ್ಕೆ ಮುಗಿಯುತ್ತಿತ್ತು. ಅವನು ಬಗ್ಗಿ, ಎರಡು ತೋಳು ಚಾಚಿ, ಎದೆಯನ್ನು ಟ್ರ್ಯಾಕ್ಟರಿನ ಹಿಂಭಾಗಕ್ಕೆ ಒತ್ತಿದ. ಚಕ್ರದ ಅಂಚು ಎಡ ಮಣಿಕಟ್ಟಿಗೆ ಬಂತು. ಇನ್ನೊಂದು ಬಲ ಮಣಿಕಟ್ಟಿಗೆ ಬಂತು.

"ಏನ್ಲಾ ಅಡವಿ, ತಬ್ಕೊಂಡ್ಬುಟ್ಟಿದೀಯಲ್ಲ" ಎಂದ ಚಿಕ್ಕರಂಗಯ್ಯ ಕೆಂಪು ಸೀಟಿನ ಮೇಲಿಂದ.

"ಇದಾಯ್ತು ಕಣೋ. ಇಳಿ."

ಚಿಕ್ಕರಂಗಯ್ಯನಿಗೆ ಕಾರಣ ಹೇಳಿದ್ದು ಬಸ್ಸಿನಲ್ಲಿ, ಗೂಳೂರು ಹತ್ತಿರ ಬಂದ ಮೇಲೆ. ಅಲ್ಲಿಯ ತನಕ ಅವನು ಮುಖ ಕಿಟಕಿಗೆ ತಿರುಗಿಸಿ ಕೂತಿದ್ದ. ಕೇಳಿದ ಮೇಲೆ ಈ ಕಡೆ ತಿರುಗಿ, ನಿಮ್ಮಕ್ಕನ್ನ ಕಂಡಕ್ಟರ್ ಕೆಲಸಕ್ಕೆ ಹಾಕಿದ್ರೆ ಮಾಲೀಕನ್ನೇ ಮಾರಿಬುಡ್ತಿದ್ಳು ಎಂದ. ಯಾರಿಗೂ ಹೇಳಬಾರದೆಂದು ಅಡವಿಯಪ್ಪ ಅವನಿಂದ ಆಣೆ ಹಾಕಿಸಿಕೊಂಡ. ಇಳಿದ ಮೇಲೆ ನೊಗದ ಹುರಿಯನ್ನೂ ಬಿಚ್ಚದೆ ತಾನೇ ಹೊತ್ತು ಹೋಗಿ ಅಕ್ಕನಿಗೆ ಒಪ್ಪಿಸಿದ. ಸರಿಹೋಯ್ತಾ ಎಂದು ಕೇಳಿದಳು. ಸರಿಹೋಯ್ತು, ಹೆಸರು ಬರೆಸಿ ಬಂದೆ, ಯುಗಾದಿ ಮುಂಚೆ ಬರ್ತದೆ ಎಂದ. ಕಲ್ಲಮ್ಮ ನೊಗವನ್ನು ಅಟ್ಟಕ್ಕೆ ಏರಿಸಿ ಬಂದು, ಅವತ್ತು ತಮ್ಮನ ಮನೆಗೆ ಒಬ್ಬಟ್ಟು ಮಾಡಿ ಕಳಿಸಿದಳು. ಹಬ್ಬವೇನೂ ಇರಲಿಲ್ಲ.

ಟ್ರ್ಯಾಕ್ಟರ್ ಬರುವ ತನಕ ತಿಂಗಳುಗಳು ಹಿಡಿದವು. ಆ ದಿನಗಳಲ್ಲಿ ಕಲ್ಲಮ್ಮ ಸುಖವಾಗಿದ್ದಳು, ಅಡವಿಯಪ್ಪ ಅವಳಿಗಿಂತ ಸುಖವಾಗಿದ್ದ, ಇಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡುತ್ತಿದ್ದರು. ಸರ್ವಮಂಗಳಮ್ಮ ಒಂದು ರಾತ್ರಿ ಮಕ್ಕಳಿಗೆ ಹೊದಿಸುತ್ತ, ಅತ್ತಿಗೆ ಹೊಲ ವಾರಕ್ಕೆ ಕೊಡುವ ವಿಷಯ ಯುಗಾದಿ ಆದ ಮೇಲೆ ಮಾತಾಡೋಣ ಅಂತ ರೇವಣಸಿದ್ದಯ್ಯನಿಗೆ ಹೇಳಿಕಳಿಸಿದ್ದಾರಂತೆ, ನಿಮಗೆ ಗೊತ್ತೇ ಎಂದು ಕೇಳಿದಳು. ಅಡವಿಯಪ್ಪನಿಗೆ ಆಗ ನೀಲಿ ಟ್ರ್ಯಾಕ್ಟರಿನ ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಯುಗಾದಿ ಆದ ಮೇಲೆ ತಾನೇ, ಮಾತಾಡಲಿ ಬುಡು ಎಂದು ಮಗ್ಗುಲಾದ.

ಹಬ್ಬಕ್ಕೆ ಎರಡು ದಿನ ಇರುವಾಗ ತುಮಕೂರಿನಿಂದ ಅವನೇ ಓಡಿಸಿಕೊಂಡು ಬಂದ. ಗೂಳೂರಿನ ಗಣಪತಿ ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆಸಿದ. ಊರ ಬಾಗಿಲಿಗೆ ಬರುವಷ್ಟರಲ್ಲಿ ಜನ ಸೇರಿತ್ತು. ಕೆಂಪು ಗಜವನ್ನು ಕಾಯುತ್ತಿದ್ದವರ ಮುಂದೆ ಪುಟ್ಟ ನೀಲಿ ಟ್ರ್ಯಾಕ್ಟರ್ ಟಪಟಪನೆ ಬಂದು ನಿಂತಿತು. ಕರು ಬಂತು, ಹಸ ಹಿಂದೆ ಬರ್ತಾ ಐತಾ ಎಂದು ಯಾರೋ ಕೇಳಿದರು. ರಾತ್ರಿ ಹೊತ್ತು ಒಳಗೆ ಕಟ್ಟಿಕೊಳ್ಳಪ್ಪ, ನಾಯಿ ಎಳ್ಕೊಂಡು ಹೋದಾವು ಎಂದು ಇನ್ನೊಬ್ಬರು. ಅಡವಿಯಪ್ಪ ಎಲ್ಲಕ್ಕೂ ನಕ್ಕ. ಕಿರಿಯ ಮಗಳು ಮಡ್ಗಾರ್ಡಿನ ಮೇಲೆ ಹತ್ತಿ ಕೂತು ಇಳಿಯಲು ಒಪ್ಪಲಿಲ್ಲ. ಅಂಗಳದಲ್ಲಿ ಮಟ್ಟ ಮಾಡಿಸಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಂತ ಮೇಲೆ ಇನ್ನೂ ಅರ್ಧ ಜಾಗ ಮಿಕ್ಕಿತು. ಅಲ್ಲಿ ಒಂಟಿ ಎತ್ತನ್ನು ಕಟ್ಟಿದರು.

ಕಲ್ಲಮ್ಮ ಬಂದದ್ದು ಜನ ಕರಗಿದ ಮೇಲೆ. ಟ್ರ್ಯಾಕ್ಟರನ್ನು ಸುತ್ತು ಹಾಕಿ ನೋಡಿದಳು. ಸೆರಗಿನಲ್ಲಿ ತಂದಿದ್ದ ಕುಂಕುಮವನ್ನು ಅದರ ಮೂತಿಗೆ ಹಚ್ಚಿದಳು. ಹಿಂದೆ ಹೋಗಿ ಚಕ್ರದಿಂದ ಚಕ್ರಕ್ಕೆ ಕಣ್ಣಲ್ಲೇ ಅಳೆದಳು.

"ನಾನು ಕೊಟ್ಟ ನೊಗದಲ್ಲಿ ಅಳೀಲಿಲ್ವಾ?"

"ಅಳ್ದೆ. ಕೆಂಪುದು ಸರಿಯಾಗಿ ಕೂತ್ಕೊಳ್ತು."

"ಮತ್ತೆ?"

"ಪಟ್ಟಿ ಎಲ್ಲಿ ಹೋಯ್ತು ಅಕ್ಕ, ನೊಗದ್ದು?"

ಕಲ್ಲಮ್ಮ ಮಗುವನ್ನು ಮಡ್ಗಾರ್ಡಿನಿಂದ ಇಳಿಸಿಕೊಳ್ಳ ಹೋದಳು, ಅದು ಬರಲಿಲ್ಲ. ಅಲ್ಲೇ ನಿಂತು ಮಗುವಿನ ಕಾಲಿನ ಧೂಳು ಒರೆಸುತ್ತ, ನಿನಗೆ ಒಂದು ಆಸೆ ಅಂತ ಇದ್ದದ್ದು ಅದೊಂದೇ ಕಣೋ, ಬಸ್ಸು ಬಿಟ್ಟ ಮೇಲೆ ನಿನ್ನ ಮುಖ ಹಂಗೆ ಬೆಳಗಿದ್ದು ನಾನು ನೋಡಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಅಡವಿಯಪ್ಪ ಟ್ರ್ಯಾಕ್ಟರಿನ ಸೀಟಿನ ಮೇಲೆ ಹತ್ತಿ ಕೂತು ಅದನ್ನು ಶುರುಮಾಡಿದ. ಮಗಳು ಕೇಕೆ ಹಾಕಿದಳು.

"ಈಗ ನೋಡು" ಎಂದ. "ಬೆಳಗೈತಾ ಇಲ್ವಾ?"

ಕಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಖಕ್ಕೆ ಎಣ್ಣೆ ಬಡ್ಕೊಂಡೈತೆ ಎಂದಳು.

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಮುಗಿಸಿ, ಟ್ರ್ಯಾಕ್ಟರಿನ ಮೂತಿಗೆ ಮಾವಿನೆಲೆ ಕಟ್ಟಿ, ನೇಗಿಲಿಗೆ ಅರಿಶಿನ ಹಚ್ಚಿ ಹೊರಟರು. ಓಣಿಯ ಬಾಯಿಗೆ ಊರಿಗೆ ಊರೇ ಬಂದಿತ್ತು. ರೇವಣಸಿದ್ದಯ್ಯ ತನ್ನ ಕಡೆಯ ಚಪ್ಪಡಿಯ ಮೇಲೆ ಮೊಣಕೈ ಊರಿ, ಒಂದು ಕಲ್ಲು ಅಲುಗಿದರೂ ನೋಡಿಕೊಳ್ಳುತ್ತೇನೆ ಎನ್ನುವ ಹಾಗೆ ನಿಂತಿದ್ದ. ಚಿಕ್ಕರಂಗಯ್ಯ ಹಳೆಯ ಸೀಟಿಯನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಟ್ರ್ಯಾಕ್ಟರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎಡಕ್ಕೆ ಬಲಕ್ಕೆ ಕೈ ಬೀಸುತ್ತ, ಅಮೃತೂರಿನ ಸಂತೆಬೀದಿಯಲ್ಲಿ ಬಸ್ಸು ತಿರುಗಿಸುವವನ ಹಾಗೆ ಸೀಟಿ ಊದಿದ. ಎರಡು ಪಕ್ಕಕ್ಕೂ ಗೇಣು ಗೇಣು ಜಾಗ ಬಿಟ್ಟುಕೊಂಡು ಟ್ರ್ಯಾಕ್ಟರ್ ಓಣಿಯೊಳಗೆ ಹೋಯಿತು. ನಡುವೆ ಒಂದು ಚಪ್ಪಡಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತಂದಿರಲಿಲ್ಲ. ಮಡ್ಗಾರ್ಡು ಅದಕ್ಕೆ ಉಜ್ಜಿ ಕಲ್ಲಿಗೆ ಅಂಗೈಯಷ್ಟು ನೀಲಿ ಬಣ್ಣ ಹತ್ತಿತು. ಕಲ್ಲು ಅಲುಗಲಿಲ್ಲ. ರೇವಣಸಿದ್ದಯ್ಯ ಹತ್ತಿರ ಬಂದು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, ಇರ್ಲಿ ಬುಡು, ಚೆನ್ನಾಗೈತೆ ಎಂದ.

ಹೊಲದ ಆಚೆ ತುದಿಯಲ್ಲಿ ಎತ್ತುಗಳಾಗಿದ್ದರೆ ನಿಂತಲ್ಲೇ ತಿರುಗುತ್ತಿದ್ದವು. ಟ್ರ್ಯಾಕ್ಟರನ್ನು ಮುಂದೆ ಹಿಂದೆ ಮಾಡಿ ತಿರುಗಿಸಬೇಕಾಯಿತು. ನೊಗದಲ್ಲಿ ಅಗಲ ಅಳೆದವನು ತಿರುಗುವ ಜಾಗ ಅಳೆಯುವುದನ್ನು ಮರೆತಿದ್ದ. ಹಿಂದಕ್ಕೆ ಬರುವಾಗಲೆಲ್ಲ ಚಿಕ್ಕರಂಗಯ್ಯ ಸೀಟಿ ಊದಿದ, ಮಕ್ಕಳು ಹೋ ಎಂದರು. ಬದುವಿನ ಮೇಲೆ ಕೂತಿದ್ದ ಕಲ್ಲಮ್ಮನ ಮಡಿಲಲ್ಲಿ ಬೇವುಬೆಲ್ಲದ ಬಟ್ಟಲಿತ್ತು.

ಅಡವಿಯಪ್ಪನ ಸ್ವಂತ ಹೊಲಕ್ಕೆ ಟ್ರ್ಯಾಕ್ಟರ್ ಹೋದದ್ದು ಅದಾದ ಮೇಲೆ, ಬಿಸಿಲೇರಿದ ಹೊತ್ತಿಗೆ. ಆ ಯುಗಾದಿಯ ಮೊದಲ ಸಾಲು ಕಲ್ಲಮ್ಮನ ಹೊಲದಲ್ಲಿ ಬಿತ್ತು. ಕೊಟ್ಟ ಮಾತು ಉಳಿಯಿತು.